ಘಟದ ಪಕ್ಕದಲ್ಲಿ ಸ್ಯಾಕ್ಸೊಫೋನು

ಕಾಲೇಜೆಂದರೆ ಹಾಜರಿ ಪುಸ್ತಕ, ಗಂಟೆ, ಪರೀಕ್ಷೆ ಈ ಮೂರೇ ಎಂಬುದು ನಮ್ಮ ಚಳ್ಳಕೆರೆಯ ನಂಬಿಕೆ. ಘಟ, ಖಂಜಿರ ಬಾರಿಸುವುದನ್ನು ಕಲಿಸುವ ಕಾಲೇಜೂ ಉಂಟೆಂದು ನಾನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಮಹಾಶಯರು ಆ ವರ್ಷ ಮೊದಲ ಬಾರಿಗೆ ತಲೆಯೆತ್ತಿದರು.

ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ 1964ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. ತಾಳವಾದ್ಯದವರ ಪಾಡು ನಮಗೆ ಗೊತ್ತಿಲ್ಲದ್ದೇನಲ್ಲ. ಕಛೇರಿಯಲ್ಲಿ ಅವರು ಪಕ್ಕಕ್ಕೆ ಕುಳಿತವರು. ಅವರ ತನಿ ಆವರ್ತನ ಆರಂಭವಾಯಿತೆಂದರೆ ಸಭಿಕರಿಗೆ ಕಾಫಿಯ ನೆನಪಾಗುತ್ತದೆ. ಆ ಪಕ್ಕದವರನ್ನು ಮುಂದಕ್ಕೆ ಕೂರಿಸಿದ ಸಂಸ್ಥೆಯಿದು.

1983ರಲ್ಲಿ ಈ ಕಾಲೇಜಿನ ತಂಡ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿತು. ಹಾಡಿದವರು ಆರ್. ಎ. ರಮಾಮಣಿ, ಮೃದಂಗ ಮಣಿಯವರದು, ಘಟ, ಮೋರ್ಚಿಂಗು ಆರ್. ಎ. ರಾಜಗೋಪಾಲರದು, ಖಂಜಿರ ಟಿ. ಎನ್. ಶಶಿಕುಮಾರರದು. ಜೊತೆಗೆ ಸ್ಯಾಕ್ಸೊಫೋನು, ಕೊಳಲು ಹಿಡಿದು ನಿಂತವರು ಬಾಸ್ಟನ್ನಿನಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ. ಚಾರ್ಲ್ಸ್ ಮಿಂಗಸ್‌ನಂಥ ಜಾಜ್ ದಿಗ್ಗಜನ ವಾದ್ಯವೃಂದದಲ್ಲಿ ನುಡಿಸಿದ್ದ ಈ ಮಹಾನುಭಾವರು, ಪ್ರಸಿದ್ಧರಾದ ಮೇಲೂ ನಮ್ಮ ನಾಗಸ್ವರವನ್ನು ಶಿಷ್ಯರಾಗಿ ಕಲಿತವರು.

ಜಾಜ್ ಎಂದರೆ ಗದ್ದಲವೆಂದು ನಾನೂ ಬಹುಕಾಲ ತಿಳಿದಿದ್ದೆ. ಅಮೆರಿಕದ ಕರಿಯ ಜನರ ನೋವುನಲಿವುಗಳಿಂದ ಮೂಡಿದ ಈ ಸಂಗೀತದ ಜೀವಾಳವೂ ನಾವು ಮನೋಧರ್ಮವೆನ್ನುವ ವಸ್ತುವೇ: ನಿನ್ನೆ ನುಡಿಸಿದ್ದನ್ನು ಇಂದು ಹಾಗೆಯೇ ನುಡಿಸಬಾರದು. ‘ಜ್ಯೋತಿ’ಯಲ್ಲಿ ಪಿಯಾನೊ ಇಲ್ಲ. ರಮಾಮಣಿಯವರ ದನಿಗೆ ಸ್ಯಾಕ್ಸೊಫೋನು ಉತ್ತರ ಕೊಡುತ್ತದೆ. ಆದರೆ ಅವರಂತೆ ಹಾಡಲು ಹೋಗುವುದಿಲ್ಲ. ಇಬ್ಬರೂ ತಮ್ಮ ತಮ್ಮ ಮಾತಿನಲ್ಲೇ ಹರಟೆ ಹೊಡೆಯುತ್ತಾರೆ. ಕೇಳುವ ಸೌಜನ್ಯ ಮಾತ್ರ ಇಬ್ಬರಲ್ಲೂ ಇದೆ.

ಇದನ್ನು ತರಗತಿಯಲ್ಲಿ ಕೇಳಿಸಿದ ದಿನ ಗೊಲ್ಲರಹಟ್ಟಿಯ ಹುಡುಗನೊಬ್ಬ ಎದ್ದು ನಿಂತ. “ಸಾರ್, ನಮ್ಮ ತಾತ ಗಣೆ ಊದ್ತಾನೆ. ಊದಿದಾಗೆಲ್ಲ ಬ್ಯಾರೆ ಥರ ಬತ್ತೈತೆ. ಅದೂ ಇದೇನಾ?” ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಜುಂಜಪ್ಪನ ಕಥೆಯ ಜೊತೆಗೆ ಊದುವ ಆ ಉದ್ದನೆಯ ಬಿದಿರ ಕೊಳಲು ವಿದ್ಯೆಯೆಂದು ಆ ಹುಡುಗನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದ ಅವರ ನಾಲಗೆಯ ಮೇಲಿದ್ದವು. ಕೃಷ್ಣಮೂರ್ತಿ ಹನೂರರಂಥವರು ಎದುರು ಕುಳಿತು ಕೇಳಿದ್ದರಿಂದ ಅವು ಪುಸ್ತಕಕ್ಕೆ ಬಂದವು. ಕೇಳುವವರಿಲ್ಲದೆ ಹೋದ ಅಜ್ಜಿಯರ ಲೆಕ್ಕ ಇಟ್ಟವರು ಯಾರು?

ಧ್ವನಿಮುದ್ರಿಕೆ ದೊಡ್ಡ ಉಪಕಾರಿ. 2009ರಲ್ಲಿ ತೀರಿಕೊಂಡ ಮರಿಯಾನೊ ಇಂದಿಗೂ ನಮ್ಮ ಕೊಠಡಿಯಲ್ಲಿ ಊದುತ್ತಾರೆ. ಆದರೆ ಅದು ಹಿಡಿದಿಡುವುದು ನುಡಿಸಿದ ಆ ಒಂದು ದಿನವನ್ನು. ಇನ್ನು ನುಡಿಸಬೇಕಾದ ದಿನಗಳನ್ನು ಹಿಡಿಯಬಲ್ಲವನು ಶಿಷ್ಯನೊಬ್ಬನೇ. ಬೆಂಗಳೂರಿನವರು ಮುದ್ರಿಕೆಗೆ ಮೊದಲು ಕಾಲೇಜು ಕಟ್ಟಿದ್ದರಲ್ಲಿ ಇದೇ ವಿವೇಕ ಕಾಣುತ್ತದೆ.

ಮುಂದಿನ ವಾರ ಆ ಹುಡುಗ ತಾತನ ಗಣೆಯನ್ನು ಮೊಬೈಲಿನಲ್ಲಿ ಹಿಡಿದು ತಂದ. ಏಳು ನಿಮಿಷ, ನಡುವೆ ಕೆಮ್ಮು, ಒಂದು ನಾಯಿಯ ಬೊಗಳು. ‘ಜಾನಪದ’ ಎಂದು ಹೆಸರಿಟ್ಟಿದ್ದ. ಅದನ್ನು ಅಳಿಸಿ ತಾತನ ಹೆಸರು ಬರೆಯೆಂದೆ, ಬರೆದ. ನೀನು ಯಾವಾಗ ಕಲಿಯುತ್ತೀಯೆ ಎಂದೆ. ಕೈ ಎಟುಕುವುದಿಲ್ಲವೆಂದು ಸಬೂಬು ಹೇಳಿದ. ತಾತನಿಗೂ ಮೊದಲ ದಿನ ಎಟುಕಿರಲಾರದು ಎಂದೆ. ಅವನು ಉತ್ತರ ಕೊಡಲಿಲ್ಲ. ತನ್ನ ಬೆರಳುಗಳನ್ನೇ ನೋಡಿಕೊಂಡ.