ಸುರಿದ ಎಣ್ಣೆ ಎಲ್ಲಿ ಹೋಯಿತು?

ಸಿರುಗುಪ್ಪದ ಬೀಗರ ಮನೆಯಿಂದ ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಮೊಮ್ಮಕ್ಕಳೊಡನೆ ಹೊರಟಿದ್ದೆವು. ಕುರಿಹಿಂಡು ಅಡ್ಡಬಂದಿತು. ಕ್ಲಚ್ ಪೆಡಲು ಒತ್ತಿದರೆ ಕೆಳಗೇ ಕುಸಿಯಿತು, ಗೇರು ಬಿಡಲೊಲ್ಲದು. ಮಗನು ಬ್ರೇಕ್ ಹಿಡಿದು ಇಂಜಿನ್ ನಿಲ್ಲಿಸಿದನು. ನಮ್ಮ ಕಾರಿನಲ್ಲಿ ಎರಡಕ್ಕೂ ಎಣ್ಣೆಯ ಡಬ್ಬಿ ಒಂದೇ. ಕ್ಲಚ್ಚಿನ ಕೊಳವೆ ಅದಕ್ಕೆ ಎತ್ತರದಲ್ಲಿ ಕೂಡಿರುವುದರಿಂದ, ಎಣ್ಣೆ ತಗ್ಗಿದಾಗ ಮೊದಲು ಸೋಲುವುದು ಕ್ಲಚ್ಚು. ಬ್ರೇಕಿನ ಪಾಲು ತಳದಲ್ಲಿ ಉಳಿದಿರುತ್ತದೆ. ಅಂದು ನಮ್ಮನ್ನು ಕಾಯ್ದುದು ಆ ಉಳಿಕೆಯೇ.

ಎಣ್ಣೆ ತುಂಬಿ, ಪೆಡಲನ್ನು ಮತ್ತೆಮತ್ತೆ ಒತ್ತುತ್ತ ಹೇಗೋ ಬಳ್ಳಾರಿ ಸೇರಿದೆವು. ಹದಿನೈದು ದಿನಗಳ ಹಿಂದೆಯೂ ಎಣ್ಣೆ ತಗ್ಗಿತ್ತು. ಸುರಿದು ಸುಮ್ಮನಾದವನು ನಾನೇ.

"ಅಜ್ಜಾರ, ಹಾಕಿದ ಎಣ್ಣಿ ಎಲ್ಲಿ ಹೋತಂತ ನೋಡಿದ್ರೇನ್ರಿ?" ಎಂದ ಮೇಸ್ತ್ರಿ, ಪೆಡಲಿನ ಕೆಳಗಿನ ಚಾಪೆಯನ್ನೆತ್ತಿ ಒದ್ದೆಯನ್ನು ತೋರಿಸಿದನು. ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿತ್ತು. ಸಿಲಿಂಡರು ಬದಲಿಸಿ, ಕೊಳವೆಯೊಳಗಿನ ಗಾಳಿಯನ್ನು ಹೊರಡಿಸಿದ ಮೇಲೆಯೇ ಪೆಡಲು ಬಿಗಿಯಾಯಿತು. ಮಗನೆದುರು ನಾನು ತಲೆ ತಗ್ಗಿಸಿದೆನು.