ನಾಲ್ಕು ಗೆರೆಯ ಅಂಕಣ

ನನ್ನ ಬಳಿ ಕಪಾಟಿನಲ್ಲಿ ಹಿಡಿಯದ ಪುಸ್ತಕವೊಂದಿದೆ. ಅಡ್ಡ ಮಲಗಿಸಿದರೆ ಬಾಗಿಲು ಮುಚ್ಚುವುದಿಲ್ಲ, ನಿಲ್ಲಿಸಿದರೆ ಮೇಲಿನ ಹಲಗೆಗೆ ತಲೆ ತಾಗುತ್ತದೆ. ಹಾಗಾಗಿ ಹಳೇ ಕ್ಯಾಲೆಂಡರುಗಳ ಜೊತೆ ಬೀರುವಿನ ನೆತ್ತಿ ಸೇರಿದೆ. 1978ರಲ್ಲಿ ಡಿಸಿ ಕಾಮಿಕ್ಸ್ ತಂದ ‘ಸೂಪರ್‌ಮ್ಯಾನ್ ವರ್ಸಸ್ ಮುಹಮ್ಮದ್ ಅಲಿ’ಯ ಮರುಮುದ್ರಣ ಅದು. ಮಳೆ ಹಿಡಿದ ಮಧ್ಯಾಹ್ನ ಕೆಳಗಿಳಿಸಿ, ದೂಳು ಕೊಡವಿ, ಚಾಪೆಯ ಮೇಲೆ ಹರಡಿಕೊಂಡು ಕೂರುತ್ತೇನೆ.

ಮೊದಲು ಮುಖಪುಟವೇ ಅರ್ಧ ಗಂಟೆ ತಿನ್ನುತ್ತದೆ. ಚಿತ್ರಕಾರ ನೀಲ್ ಆಡಮ್ಸ್ ಬಾಕ್ಸಿಂಗ್ ರಿಂಗಿನ ಸುತ್ತ 172 ಜನರನ್ನು ಕೂರಿಸಿದ್ದಾನೆ. ಜಿಮ್ಮಿ ಕಾರ್ಟರ್ ಇದ್ದಾರೆ, ಫ್ರಾಂಕ್ ಸಿನಾತ್ರಾ ಇದ್ದಾರೆ; ಅವರ ನಡುವೆಯೇ ಬ್ಯಾಟ್‌ಮ್ಯಾನು, ಖಳನಾಯಕ ಲೆಕ್ಸ್ ಲೂಥರ್ ಕೂಡ. ಆಜನ್ಮ ವೈರಿ ಸೂಪರ್‌ಮ್ಯಾನ್ ಏಟು ತಿನ್ನುವುದನ್ನು ನೋಡಲು ಟಿಕೆಟ್ ತೆಗೆಯದೆ ಬಿಟ್ಟಾನೆಯೇ!

ಕಥೆ ಹೇಳಹೊರಟರೆ ನಗು ಬರುತ್ತದೆ. ನಿಮ್ಮ ಲೋಕದ ಜಟ್ಟಿ ನಮ್ಮವನೊಡನೆ ಗುದ್ದಾಡಲಿ, ಇಲ್ಲವೇ ಭೂಮಿ ಉಡೀಸ್ ಎಂದು ಅನ್ಯಗ್ರಹದವರು ಬೆದರಿಸುತ್ತಾರೆ. ಸೂಪರ್‌ಮ್ಯಾನ್ ಮುಂದೆ ಬರುತ್ತಾನೆ. ನೀನು ಭೂಮಿಯವನೇ ಅಲ್ಲವಲ್ಲ ಮಾರಾಯ ಎಂದು ಅಲಿ ತಕರಾರು ತೆಗೆಯುತ್ತಾನೆ. ಸರಿ, ಮೊದಲು ಇವರಿಬ್ಬರ ನಡುವೆಯೇ ಆಗಿಹೋಗಲಿ ಎಂದಾಗುತ್ತದೆ. ಸೂಪರ್‌ಮ್ಯಾನನ ಶಕ್ತಿಯೆಲ್ಲ ಹಳದಿ ಸೂರ್ಯನದು. ಆದ್ದರಿಂದ ಪಂದ್ಯ ಕೆಂಪು ಸೂರ್ಯನ ಕೆಳಗೆ. ಅಲ್ಲಿ ಅವನು ನಮ್ಮ ನಿಮ್ಮಂತೆ ಮೂಗಿರುವ, ಮೂಗೊಡೆಯುವ ಮನುಷ್ಯ.

ಅಲಿ ಹಣಿದುಹಾಕುತ್ತಾನೆ. ಆದರೆ ನಾನು ಬೆರಳಿಟ್ಟು ನಿಲ್ಲುವುದು ಗೆಲುವಿನ ಚಿತ್ರದಲ್ಲಲ್ಲ. ಮುಖ ಊದಿ, ತೋಳು ಜೋತುಬಿದ್ದು, ಮೈಯಲ್ಲಿ ಏನೂ ಉಳಿಯದಿದ್ದರೂ ಸೂಪರ್‌ಮ್ಯಾನ್ ನಿಂತೇ ಇರುತ್ತಾನೆ. ಸಾಕು, ನಿಲ್ಲಿಸಿ ಎಂದು ಕೇಳುವವನು ಅಲಿಯೇ. ಪಂದ್ಯ ನಿಂತ ಮೇಲಷ್ಟೇ ಸೂಪರ್‌ಮ್ಯಾನ್ ಬೋರಲು ಬೀಳುವುದು. ನಲವತ್ತು ವರ್ಷ ಹಾರಿದವನು ನಿಂತದ್ದೇ ದೊಡ್ಡ ಸಾಹಸವಾಗಿಬಿಟ್ಟಿದೆ.

ಆಟ ನಡೆಯುವ ಜಾಗಕ್ಕೂ ಪತ್ರಿಕೆಯ ಕಾಲಮ್ಮಿಗೂ ನಾವು ಅಂಕಣ ಎನ್ನುತ್ತೇವೆ. ಕಾಮಿಕ್ಸಿನ ಚಿತ್ರದ ಚೌಕಕ್ಕೂ ಅದೇ ಹೆಸರಿಡುವ ಆಸೆ ನನಗೆ. ರಿಂಗಿಗೆ ಹಗ್ಗ, ಚಿತ್ರಕ್ಕೆ ಗೆರೆ. ಒಳಗಿದ್ದವರಿಗೆ ಅದೇ ಲೋಕ.

ಆದರೆ ಗೆರೆ ಕಂಡುಬಿಟ್ಟವರ ಪಾಡು ಬೇರೆ. ಗ್ರ್ಯಾಂಟ್ ಮಾರಿಸನ್ ಬರೆದ ‘ಅನಿಮಲ್ ಮ್ಯಾನ್’ ಕಾಮಿಕ್ಸಿನ ನಾಯಕ ಬಡ್ಡಿ ಬೇಕರ್ ಒಂದು ದಿನ ತಿರುಗಿ ನೇರ ನಮ್ಮತ್ತ ನೋಡುತ್ತಾನೆ. ಹೆಂಡತಿ ಮಕ್ಕಳನ್ನು ಕಳೆದುಕೊಂಡವನು 1990ರ ಇಪ್ಪತ್ತಾರನೆಯ ಸಂಚಿಕೆಯಲ್ಲಿ ಮಾರಿಸನ್‌ನ ಮನೆಗೇ ಹೋಗುತ್ತಾನೆ. ಲೇಖಕ ತನ್ನ ಸತ್ತ ಬೆಕ್ಕಿನ ದುಃಖ ತೋಡಿಕೊಳ್ಳುತ್ತಾನೆ. ಅದನ್ನು ಬದುಕಿಸುವುದು ಅವನ ಕೈಯಲ್ಲಿಲ್ಲ. ಬಡ್ಡಿಯ ಸಂಸಾರವನ್ನು ಬದುಕಿಸಬಲ್ಲ, ಬದುಕಿಸುತ್ತಾನೆ. ಬಾಗಿಲ ಕರೆಗಂಟೆ ಆದಾಗ ಬಡ್ಡಿಯ ಮುಂದೆ ಹೆಂಡತಿ ನಿಂತಿರುವ ಆ ಪುಟವನ್ನು ನಾನು ಬೇಗ ಮಗುಚುತ್ತೇನೆ. ಕಣ್ಣು ಒದ್ದೆಯಾದರೆ ಮನೆಯವರು ಕೇಳುತ್ತಾರೆ, ಕಾಮಿಕ್ಸ್ ಎಂದರೆ ನಗುತ್ತಾರೆ.

ಅದಕ್ಕೇ ಕೊನೆಗೆ ವಿನ್ಸರ್ ಮೆಕೇಯ ಹಳೇ ಕಾಮಿಕ್ಸಿನ ಪುಟ್ಟ ಸ್ಯಾಮಿಯ ಬಳಿ ಹೋಗುವುದು. ಅವನಿಗೆ ತತ್ವಗಿತ್ವ ಇಲ್ಲ, ಸೀನು ಮಾತ್ರ. ಪ್ರತಿ ಸಲವೂ ಮೂಗು ಅರಳಿಸಿ, ಬಾಯಿ ತೆರೆದು, ಸೀನಿ, ಎದುರಿದ್ದದ್ದನ್ನೆಲ್ಲ ಚೆಲ್ಲಾಪಿಲ್ಲಿ ಮಾಡುವುದು ಕಸುಬು. 1905ರ ಸೆಪ್ಟೆಂಬರ್ 24ರಂದು ಎದುರಿಗೆ ಏನೂ ಇರಲಿಲ್ಲ. ಆಕ್ಷೀ ಎಂದ, ಚಿತ್ರದ ಚೌಕಟ್ಟೇ ಬಿರುಕು ಬಿಟ್ಟು ಅವನ ಮೈಮೇಲೆ ಬಿತ್ತು. ಮುರಿದ ಗೆರೆಗಳ ನಡುವೆ ಪೆಚ್ಚುಮೋರೆ ಹಾಕಿಕೊಂಡು ಕೂತ. ಮುಂದಿನ ಕಂತಿಗೆ ಚೌಕಟ್ಟು ರಿಪೇರಿಯಾಗಿತ್ತು, ಮೂಗು ಮತ್ತೆ ತುರಿಸತೊಡಗಿತ್ತು.