ಉಳಿಸಲಿಕ್ಕೂ ಕಾಸು ಬೇಕು

ಹತ್ತು ವರ್ಷದ ಹಿಂದಿನ ಮಾತು. ಸಂಜೆ ಕವಿದರೂ ನಮ್ಮ ತಾಯಿ ಅಡುಗೆಮನೆಯ ದೀಪ ಹಾಕುತ್ತಿರಲಿಲ್ಲ. ಕಿಟಕಿಯ ಮಬ್ಬು ಬೆಳಕಿನಲ್ಲೇ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಕೇಳಿದರೆ, "ಮೀಟರು ಓಡುತ್ತದಪ್ಪ" ಎನ್ನುವರು. ಎಲ್‌ಇಡಿ ಬಲ್ಬಿನ ಸುದ್ದಿಯನ್ನು ನಾನು ಕೇಳದವನಲ್ಲ. ಆದರೆ ಒಂದು ಬಲ್ಬಿಗೆ ಅಷ್ಟು ಹಣ ಸುರಿಯಲು ಕೈ ಬರಲಿಲ್ಲ. ಉಳಿಸಬೇಕೆಂದರೂ ಮೊದಲು ಕೈಯಲ್ಲಿ ಕಾಸಿರಬೇಕಲ್ಲ!

ಈ ಗಂಟನ್ನು ಬಿಡಿಸಿದ್ದು 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆ. ಇ.ಇ.ಎಸ್.ಎಲ್. ಎಂಬ ಸರ್ಕಾರಿ ಸಂಸ್ಥೆ ಕೋಟಿಗಟ್ಟಲೆ ಬಲ್ಬುಗಳನ್ನು ಸಗಟಾಗಿ ಕೊಂಡಿತು. 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ರಲ್ಲಿ 38ಕ್ಕೆ ಇಳಿಯಿತು. ದೇಶದಲ್ಲಿ ಹಂಚಿಕೆಯಾದದ್ದು 36 ಕೋಟಿಗೂ ಹೆಚ್ಚು. ಹಳೆಯ 60 ವ್ಯಾಟಿನ ಬಲ್ಬು 9 ಗಂಟೆಯಲ್ಲಿ ನುಂಗುವ ವಿದ್ಯುತ್ತಿನಲ್ಲಿ 9 ವ್ಯಾಟಿನ ಈ ಬಲ್ಬು 60 ಗಂಟೆ ಉರಿಯುತ್ತದೆ. ಮನೆಯ ಬಿಲ್ಲೂ ಇಳಿಯಿತು, ದೇಶದ ಸಂಜೆಯ ಹೊರೆಯೂ ಇಳಿಯಿತು.

ಹೊಸ ಬಲ್ಬು ಬಂದ ಸಂಜೆ ತಾಯಿ ದೀಪ ಹಾಕಿಕೊಂಡೇ ಮೊರ ಹಿಡಿದರು. ಆದರೂ ಅನ್ನದಲ್ಲಿ ಕಲ್ಲು ಸಿಕ್ಕಿತು. ಅವರ ಕಣ್ಣಿಗೆ ಪೊರೆ ಬಂದಿರುವುದು ನನಗೆ ತಿಳಿದದ್ದು ಆಗಲೇ. ಅಷ್ಟು ದಿನವೂ ಅದನ್ನು ನಾನು ಕತ್ತಲೆಯ ಮೇಲೆ ಹಾಕಿದ್ದೆ.